ಪ್ಲೈವುಡ್ ದಪ್ಪ: ಕೊಟೇಶನ್ನಿನ ಒಂದು ಸಾಲು ಸಾಲದು

ಮಾನ್ಯ ಸಂಪಾದಕರೇ,

ಮನೆ ಕಟ್ಟಿಸುವವರ ಕೈಗೆ ಬರುವ ಮರಗೆಲಸದ ಕೊಟೇಶನ್ನಿನಲ್ಲಿ ಪ್ಲೈವುಡ್ ಬಗ್ಗೆ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ: ‘18 ಎಂಎಂ ಪ್ಲೈ, ಚದರಡಿಗೆ ಇಷ್ಟು’. ಆ ಚದರಡಿಯೂ ವಾರ್ಡ್‌ರೋಬಿನ ಮುಂಭಾಗದ ಎತ್ತರ, ಅಗಲದ ಲೆಕ್ಕ. ಒಳಗಿನ ಶೆಲ್ಫ್, ಪಾರ್ಟಿಷನ್, ಹಿಂಬದಿ, ಡ್ರಾಯರಿನ ತಳ ಯಾವ ದಪ್ಪದ್ದು ಎಂದು ಎಲ್ಲೂ ಬರೆದಿರುವುದಿಲ್ಲ. ದರ ಕಟ್ಟುವುದು ಮುಂಭಾಗಕ್ಕೆ, ಶೀಟು ಹೆಚ್ಚು ಖರ್ಚಾಗುವುದು ಒಳಭಾಗಕ್ಕೆ. ಚೌಕಾಸಿ ಮಾಡಿ ದರ ಇಳಿಸಿಕೊಂಡಾಗ ತೆಳುವಾಗುವುದು ಯಾವ ಭಾಗ ಎಂದು ಬೇರೆ ಹೇಳಬೇಕಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಅಷ್ಟೇ ಸಾಮಾನ್ಯ. ‘ಎಲ್ಲ ಕಡೆ 18 ಹಾಕಿಬಿಡಿ’ ಎಂದು ಮಾಲೀಕರೇ ಹೇಳುತ್ತಾರೆ. ಡ್ರಾಯರಿನ ಗೋಡೆಗೂ 18 ಹಾಕಿದರೆ ಖಾಲಿ ಡ್ರಾಯರೇ ಭಾರ, ಒಳಗಿನ ಜಾಗವೂ ಕಡಿಮೆ. ಗೋಡೆಗೆ ಒರಗುವ ಹಿಂಬದಿಗೆ 18 ಹಾಕುವುದು ದುಡ್ಡು ಸುಟ್ಟಂತೆ. ಅದೇ ಮನೆಯಲ್ಲಿ ಮೂರಡಿ ಉದ್ದದ ಪುಸ್ತಕದ ಶೆಲ್ಫಿಗೆ 18 ಕೂಡ ಸಾಲದೆ ಎರಡು ವರ್ಷದಲ್ಲಿ ಜೋತು ಬಿದ್ದಿರುತ್ತದೆ. ದಪ್ಪವನ್ನು ಇಡೀ ಮನೆಗೆ ಒಂದೇ ಎಂದು ತೀರ್ಮಾನಿಸುವ ಬದಲು ಒಂದೊಂದು ಭಾಗದ ಕೆಲಸ ನೋಡಿ, ಶೀಟು ಕತ್ತರಿಸುವ ಮೊದಲೇ ನಿರ್ಧರಿಸಬೇಕು ಎಂಬುದು ಈ ಪತ್ರದ ವಾದ.

ಮೊದಲಿಗೆ, 18 ಎಂದು ಮಾರುವ ಶೀಟು ನಿಜಕ್ಕೂ ಎಷ್ಟಿರುತ್ತದೆ? ಸಾಮಾನ್ಯ ಬಳಕೆಯ ಪ್ಲೈವುಡ್ಡಿನ ಭಾರತೀಯ ಮಾನಕ ಐಎಸ್ 303, 6 ಮಿ.ಮೀ. ಮತ್ತು ಅದಕ್ಕಿಂತ ದಪ್ಪದ ಶೀಟಿಗೆ ಶೇ 5ರಷ್ಟು ಹೆಚ್ಚು–ಕಡಿಮೆಯನ್ನು ಒಪ್ಪುತ್ತಾ ಬಂದಿದೆ. 6ಕ್ಕಿಂತ ತೆಳುವಾದುದಕ್ಕೆ ಶೇ 10. ಅಂದರೆ 18 ಎಂಬ ಶೀಟು 17.1ರಿಂದ 18.9ರವರೆಗೆ, 12 ಎಂಬುದು 11.4ರಿಂದ 12.6ರವರೆಗೆ, 4 ಎಂಬುದು 3.6ರಿಂದ 4.4ರವರೆಗೆ ಇರಬಹುದು. ಹಾಗಾಗಿ 17.3 ಬಂದರೆ ಅಂಗಡಿಯವರ ಜತೆ ಜಗಳಕ್ಕೆ ಹೋಗುವಂತಿಲ್ಲ. 16.4 ಬಂದರೆ ಆ ಶೀಟನ್ನು ಇಳಿಸಿಕೊಳ್ಳಲೇಬಾರದು. ಇನ್ನೊಂದು ಗೊಂದಲ ನಮ್ಮ ಸೂತದ ಲೆಕ್ಕದ್ದು. ಒಂದು ಸೂತ ಅಂದರೆ ಇಂಚಿನ ಎಂಟನೇ ಒಂದು ಭಾಗ, 3.175 ಮಿ.ಮೀ. ಮುಕ್ಕಾಲು ಇಂಚು, ಅಂದರೆ ಆರು ಸೂತ, 19.05 ಮಿ.ಮೀ. ಆಗುತ್ತದೆ. ನಕ್ಷೆಯನ್ನು ಇಂಚಿನಲ್ಲಿ ಬರೆದು ಶೀಟನ್ನು ಮಿ.ಮೀ.ನಲ್ಲಿ ತರಿಸಿದರೆ ಪ್ರತಿ ಹಲಗೆಗೆ 1 ಮಿ.ಮೀ. ವ್ಯತ್ಯಾಸ ಮೊದಲೇ ಹುಟ್ಟಿಕೊಂಡಿರುತ್ತದೆ. ಯಾವುದಾದರೂ ಒಂದೇ ಅಳತೆಯಲ್ಲಿ ಕೆಲಸ ಮಾಡುವುದು ಲೇಸು.

ಟೇಪಿನಲ್ಲಿ ದಪ್ಪ ಅಳೆಯಲಾಗದು. ವರ್ನಿಯರ್ ಕ್ಯಾಲಿಪರ್ ಬೇಕು. ಸಾದಾ ಸ್ಟೀಲಿನದಾದರೂ ಸಾಕು. ಅದರ ಬಾಯಿ ಮುಚ್ಚಿ ಸೊನ್ನೆ ತೋರಿಸುತ್ತದೆಯೇ ಎಂದು ನೋಡಿಕೊಂಡು, ಒಂದು ಶೀಟಿಗೆ ಕನಿಷ್ಠ ಎಂಟು ಕಡೆ ಅಳೆಯಬೇಕು: ನಾಲ್ಕು ಮೂಲೆ, ನಾಲ್ಕು ಬದಿಗಳ ಮಧ್ಯ. ತೀರಾ ಅಂಚಿನಲ್ಲಿ ಹಿಡಿಯಬಾರದು. ಅಂಚು ಸಾಗಾಟದಲ್ಲಿ ಜಜ್ಜಿಹೋಗಿರಬಹುದು, ಕಾರ್ಖಾನೆಯಲ್ಲಿ ಮರಳುಕಾಗದದ ಯಂತ್ರ ಅಲ್ಲಿ ಹೆಚ್ಚು ತಿಂದಿರಬಹುದು. 20–25 ಮಿ.ಮೀ. ಒಳಗೆ ಹಿಡಿದರೆ ನಿಜ ಸಿಗುತ್ತದೆ. ಒಂದೇ ಶೀಟಿನಲ್ಲಿ ಒಂದು ಕಡೆ 17.2, ಇನ್ನೊಂದು ಕಡೆ 18.1 ಬಂದರೆ ಒಳಪದರಗಳು ಒಂದರ ಮೇಲೊಂದು ಏರಿವೆ ಅಥವಾ ನಡುವೆ ಸಂದು ಬಿಟ್ಟಿವೆ ಎಂದರ್ಥ. ಇಂಥ ಶೀಟಿಗೆ ಮೈಕಾ (ಮೇಲ್ಮೈಗೆ ಅಂಟಿಸುವ ಲ್ಯಾಮಿನೇಟ್ ಹಾಳೆ) ಅಂಟಿಸಿದರೆ ಅಲೆಅಲೆಯಾಗಿ ಕಾಣುತ್ತದೆ. ‘ಕ್ಯಾಲಿಬ್ರೇಟೆಡ್’ ಎಂದು ಮಾರುವ ಶೀಟಿನಲ್ಲಿ ಮುಖಪದರ ಅಂಟಿಸುವ ಮೊದಲೇ ಒಳಮೈಯನ್ನು ತೀಡಿ ಸಮ ಮಾಡಿರುತ್ತಾರೆ. ಶಟರಿಗೂ (ವಾರ್ಡ್‌ರೋಬಿನ ಬಾಗಿಲು) ಯಂತ್ರದಲ್ಲಿ ಕತ್ತರಿಸುವ ಕೆಲಸಕ್ಕೂ ಅದಕ್ಕೆ ಕೊಡುವ ಹೆಚ್ಚಿನ ಬೆಲೆ ವ್ಯರ್ಥವಲ್ಲ. ಅಳೆದ ದಪ್ಪವನ್ನು ಶೀಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ. ಒಂದು ಬಾಕ್ಸಿಗೆ ಹತ್ತಿರದ ದಪ್ಪದ ಶೀಟುಗಳನ್ನೇ ಬಳಸಿ. 17.3ರ ಪಕ್ಕ 18.2 ಕೂಡಿಸಿದರೆ ಮುಂಭಾಗದ ಅಂಚು ಒಂದೇ ಮಟ್ಟಕ್ಕೆ ಬರುವುದಿಲ್ಲ, ಅಂಚಿಗೆ ಅಂಟಿಸುವ ಪಟ್ಟಿ, ಎಡ್ಜ್ ಬ್ಯಾಂಡ್, ಅಲ್ಲೇ ಬಿಟ್ಟುಕೊಳ್ಳುತ್ತದೆ.

ಅಂಚಿನಲ್ಲಿ ಪದರಗಳನ್ನೂ ಎಣಿಸಿ. ಬೆಸ ಸಂಖ್ಯೆ ಇರಬೇಕು; ಇಲ್ಲವಾದರೆ ಎರಡು ಮುಖಗಳ ಎಳೆತ ಸಮವಾಗದೆ ಹಲಗೆ ತಿರುಚುತ್ತದೆ. 18ರಲ್ಲಿ 11 ಅಥವಾ 13, 12ರಲ್ಲಿ 9 ಪದರ ಇದ್ದರೆ ಒಳ್ಳೆಯದು. ಇನ್ನು ತೂಕ. ಎಂಟಡಿ–ನಾಲ್ಕಡಿಯ 18 ಮಿ.ಮೀ. ಶೀಟು ಮರವನ್ನು ನೋಡಿಕೊಂಡು ಸುಮಾರು 28ರಿಂದ 40 ಕೆ.ಜಿ. ತೂಗುತ್ತದೆ. ಹರಿಯಾಣದ ಯಮುನಾನಗರದ ಕಡೆಯ ಪಾಪ್ಲರ್ ಮರದ ಒಳಪದರದ ಶೀಟು ಹಗುರ, ನೀಲಗಿರಿ ಮರದ್ದು ಭಾರ. ಹಗುರವಾದುದೆಲ್ಲ ಕಳಪೆಯಲ್ಲ, ಆದರೆ ಮೆದು ಮರದಲ್ಲಿ ಸ್ಕ್ರೂ ಹಿಡಿತ ಕಡಿಮೆ. ದಪ್ಪ ಒಂದೇ ಆದರೂ ಹಿಂಜ್ ಕೂರುವ ಕಡೆ ಭಾರದ ಶೀಟಿಗೇ ನಮ್ಮ ಮತ.

ಈಗ ದಪ್ಪ ಎಲ್ಲಿ ಲೆಕ್ಕಕ್ಕೆ ಬರುತ್ತದೆ ಎಂಬುದು. ಶೆಲ್ಫಿನ ಗಟ್ಟಿತನ ದಪ್ಪದ ಘನಕ್ಕೆ (ದಪ್ಪ × ದಪ್ಪ × ದಪ್ಪ) ತಕ್ಕಂತೆ ಏರುತ್ತದೆ. 12ರಿಂದ 18ಕ್ಕೆ ಹೋದರೆ ದಪ್ಪ ಒಂದೂವರೆ ಪಟ್ಟು, ಗಟ್ಟಿತನ ಸುಮಾರು 3.4 ಪಟ್ಟು. 18 ಎಂದು ಹೇಳಿ 16 ಹಾಕಿದರೆ ಗಟ್ಟಿತನದಲ್ಲಿ ಶೇ 30 ಹೋಯಿತು. ಉದ್ದದ ಆಟ ಇನ್ನೂ ಕಟು. ಒಂದೊಂದು ಅಡಿಗೆ ಅಷ್ಟೇ ಭಾರ ಇಟ್ಟರೂ ಆಧಾರಗಳ ನಡುವಿನ ಅಂತರ ಒಂದೂವರೆ ಪಟ್ಟಾದರೆ ಬಾಗು ಐದು ಪಟ್ಟಾಗುತ್ತದೆ, ಅಂತರ ಇಮ್ಮಡಿಯಾದರೆ ಹದಿನಾರು ಪಟ್ಟು.

ಒಂದು ಲೆಕ್ಕ ನೋಡಿ. 300 ಮಿ.ಮೀ. ಅಗಲದ ಶೆಲ್ಫು, ಎರಡು ತುದಿಯಲ್ಲಿ ಮಾತ್ರ ಆಧಾರ, ಮೀಟರಿಗೆ 30 ಕೆ.ಜಿ. ಪುಸ್ತಕ. ಅಂತರ 900 ಮಿ.ಮೀ. ಇದ್ದರೆ 12ರ ಹಲಗೆ ಮಧ್ಯದಲ್ಲಿ ಹತ್ತಿರ ಹತ್ತಿರ 10 ಮಿ.ಮೀ. ಇಳಿಯುತ್ತದೆ, 18ರದ್ದು ಸುಮಾರು 3, 25ರದ್ದು ಸುಮಾರು 1. ಅದೇ 18ರ ಹಲಗೆಯನ್ನು 600ಕ್ಕೆ ತಂದರೆ ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇದು ಪುಸ್ತಕ ಇಟ್ಟ ದಿನದ ಬಾಗು. ಭಾರ ವರ್ಷಗಟ್ಟಲೆ ಕೂತಿದ್ದರೆ ಮರ ನಿಧಾನಕ್ಕೆ ಇನ್ನೂ ಇಳಿಯುತ್ತದೆ. ಮೊದಲ ದಿನದ ಎರಡರಷ್ಟು ಆಗುತ್ತದೆ ಎಂದುಕೊಂಡೇ ಲೆಕ್ಕ ಹಾಕಬೇಕು. ಕಣ್ಣಿಗೆ ಕಾಣದಿರಬೇಕಾದರೆ ಬಾಗು ಅಡಿಗೆ ಅರ್ಧ ಮಿ.ಮೀ. ಮೀರಬಾರದು. ಆದ್ದರಿಂದ ಪುಸ್ತಕ, ಪಾತ್ರೆ, ಡಬ್ಬಿಗಳಿಗೆ 18ರ ಶೆಲ್ಫು 600ರ ಆಸುಪಾಸಿನವರೆಗೆ ಸರಿ. ಬಟ್ಟೆಗೆ 750ರವರೆಗೆ ಎಳೆಯಬಹುದು. ಅದರಾಚೆ ಮಧ್ಯದಲ್ಲಿ ಒಂದು ಪಾರ್ಟಿಷನ್ ಕೊಡಿ, ಇಲ್ಲವೇ ಶೆಲ್ಫಿನ ಮುಂದಿನ ಅಂಚಿಗೆ 18 ಮಿ.ಮೀ. ದಪ್ಪ, 40 ಮಿ.ಮೀ. ಎತ್ತರದ ತೇಗದ ಪಟ್ಟಿಯನ್ನು ನಿಲ್ಲಿಸಿ ಅಂಟು, ಸ್ಕ್ರೂ ಎರಡೂ ಹಾಕಿ. ಬಾಗು ಅರ್ಧಕ್ಕಿಂತ ಕೆಳಗೆ ಬರುತ್ತದೆ. 25ರ ಶೀಟು ತರುವುದಕ್ಕಿಂತ ಇದು ಅಗ್ಗ, ನೋಡಲೂ ಗಟ್ಟಿಮುಟ್ಟು.

ಇದರಲ್ಲಿ ಹೆಚ್ಚಿನವರು ಮರೆಯುವುದು ಎಳೆಯ ದಿಕ್ಕು. ಮುಖಪದರದ ಎಳೆ ಶೆಲ್ಫಿನ ಉದ್ದಕ್ಕೆ ಓಡಬೇಕು. ಉಳಿಕೆ ತುಂಡಿನಲ್ಲಿ ಹೊಂದಿಸಲು ಹೋಗಿ ಅಡ್ಡ ಕತ್ತರಿಸಿದರೆ ಅದೇ ದಪ್ಪದ ಹಲಗೆ ಹೆಚ್ಚು ಬಾಗುತ್ತದೆ. ಪದರ ಕಡಿಮೆಯಿರುವ ತೆಳು ಶೀಟಿನಲ್ಲಂತೂ ವ್ಯತ್ಯಾಸ ಎದ್ದು ಕಾಣುತ್ತದೆ. ಮೈಕಾ ಅಂಟಿಸಿದ ಮೇಲೆ ಎಳೆ ಕಾಣುವುದಿಲ್ಲವಾದ್ದರಿಂದ ಈ ತಪ್ಪನ್ನು ಕತ್ತರಿಸುವಾಗಲೇ ಹಿಡಿಯಬೇಕು. ಅಂದ ಹಾಗೆ, ಈ ಅಂಕಿಗಳು ಪ್ಲೈವುಡ್ಡಿಗೆ ಮಾತ್ರ. ಪಾರ್ಟಿಕಲ್ ಬೋರ್ಡಿನ ಗಟ್ಟಿತನ ಇದರ ಅರ್ಧವೂ ಇಲ್ಲ. ‘ಅದೂ 18, ಇದೂ 18’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಗೋಡೆಯಿಂದ ಗೋಡೆಗೆ 1800 ಮಿ.ಮೀ. ಅಗಲದ ವಾರ್ಡ್‌ರೋಬ್ ಇದೆ ಎನ್ನಿ. ಎರಡು ಕಂಪಾರ್ಟ್‌ಮೆಂಟ್ ಮಾಡಿದರೆ 18ರ ಮೂರು ನಿಲುಹಲಗೆ ಕಳೆದು ಒಂದೊಂದಕ್ಕೆ 873 ಉಳಿಯುತ್ತದೆ. ಪಟ್ಟಿ ಹಾಕದೆ ಶೆಲ್ಫು ನಿಲ್ಲದು. ಮೂರು ಮಾಡಿದರೆ ನಾಲ್ಕು ನಿಲುಹಲಗೆ ಕಳೆದು ಒಂದೊಂದಕ್ಕೆ 576; ಯಾವ ತೊಂದರೆಯೂ ಇಲ್ಲ. ಆಳವನ್ನು 600ಕ್ಕೆ ನಿಲ್ಲಿಸಿದರೆ 1220 ಅಗಲದ ಶೀಟಿನಲ್ಲಿ ಬ್ಲೇಡಿನ 3–4 ಮಿ.ಮೀ. ಕಳೆದೂ ಎರಡು ಪಟ್ಟಿ ಬರುತ್ತವೆ. 625 ಬೇಕೆಂದು ಹಟ ಹಿಡಿದರೆ ಪ್ರತಿ ಶೀಟಿನಲ್ಲೂ ಅರ್ಧಕ್ಕೆ ಹತ್ತಿರ ಪಕ್ಕಕ್ಕೆ ಬೀಳುತ್ತದೆ. 576ರ ಶೆಲ್ಫನ್ನು 2440ರ ಉದ್ದದಲ್ಲಿ ಸಾಲಾಗಿ ಕತ್ತರಿಸಿದರೆ ಎಳೆಯೂ ಸರಿ ದಿಕ್ಕಿಗೆ ಬರುತ್ತದೆ, ಶೀಟಿಗೆ ಎಂಟು ಶೆಲ್ಫೂ ಸಿಗುತ್ತವೆ.

ಈಗ ಅದೇ ಬಾಕ್ಸಿಗೆ ಡ್ರಾಯರ್ ಕೂಡಿಸೋಣ. ಒಳಮೈಗೆ 0.8ರ ಮೈಕಾ ಎರಡು ಕಡೆ ಅಂಟಿದರೆ 576 ಹೋಗಿ 574.4 ಆಯಿತು. ಡ್ರಾಯರ್ ಜಾರುವ ಲೋಹದ ಹಳಿ, ಅಂದರೆ ಟೆಲಿಸ್ಕೋಪಿಕ್ ಚಾನೆಲ್‌ಗೆ ಒಂದೊಂದು ಬದಿಗೆ 12.7, ಒಟ್ಟು 25.4 ಬಿಡಬೇಕು. ಡ್ರಾಯರಿನ ಹೊರ ಅಗಲ 549. ಆದರೆ ಬಂದ ಶೀಟು 18 ಅಲ್ಲ, 18.6 ಆಗಿದ್ದರೆ? ಒಳಗೆ ಉಳಿಯುವುದು 573.6, ಬದಿಗೆ 12.3. ಚಾನೆಲ್ ಸಡಿಲವನ್ನು ತುಸು ಸಹಿಸುತ್ತದೆ, ಬಿಗಿಯನ್ನು ಸಹಿಸುವುದಿಲ್ಲ. ಡ್ರಾಯರ್ ಅರ್ಧಕ್ಕೇ ಒದ್ದಾಡುತ್ತದೆ. ಶೀಟು 17.2 ಇದ್ದರೆ ಶೆಲ್ಫಿನ ಪಕ್ಕದಲ್ಲಿ 1 ಮಿ.ಮೀ. ಸಂದು, ಅದನ್ನು ಮುಚ್ಚಲು ಮೇಣ. ಹಾಗಾಗಿ ಕಾಗದದ ಲೆಕ್ಕದಲ್ಲಿ ಎಲ್ಲ ತುಂಡುಗಳನ್ನೂ ಒಂದೇ ದಿನ ಕತ್ತರಿಸಬಾರದು. ಮೊದಲು ಬಾಕ್ಸ್ ನಿಲ್ಲಿಸಿ, ಒಳಮೈಕಾ ಮುಗಿಸಿ, ನಿಜವಾದ ಒಳ ಅಗಲವನ್ನು ಮೇಲೆ, ಮಧ್ಯೆ, ಕೆಳಗೆ ಅಳೆದು, ಆಮೇಲೆ ಶೆಲ್ಫು ಮತ್ತು ಡ್ರಾಯರ್ ಕತ್ತರಿಸಬೇಕು.

ಡ್ರಾಯರಿನ ಗೋಡೆಗೆ 12 ಸಾಕು. ತಳಕ್ಕೆ 6, ಅಗಲ 600 ದಾಟಿದರೆ ಅಥವಾ ಕುಕ್ಕರು, ಸ್ಟೀಲ್ ಪಾತ್ರೆ ಇಡುವುದಾದರೆ 9 ಇಲ್ಲವೇ 12. ತಳವನ್ನು ಕೆಳಗಿನಿಂದ ಮೊಳೆ ಹೊಡೆದು ನಿಲ್ಲಿಸಿದರೆ ಭಾರಕ್ಕೆ ಮೊಳೆ ಜಾರಿ ತಳ ಇಳಿಯುತ್ತದೆ. ಗಾಡಿ, ಅಂದರೆ ಹಲಗೆಯ ಅಂಚು ಕೂರುವ ಸೀಳು, ಹೊಡೆದು ಕೂರಿಸಬೇಕು. ಇಲ್ಲಿಯೂ ದಪ್ಪ ಕೈಕೊಡುತ್ತದೆ. 6ರ ರೂಟರ್ ಬಿಟ್ಟಿನಲ್ಲಿ (ಸೀಳು ಕೊರೆಯುವ ಯಂತ್ರದ ಅಲಗು) ಹೊಡೆದ ಗಾಡಿಗೆ 5.7ರ ಪ್ಲೈ ಹಾಕಿದರೆ ತಳ ಗಡಗಡ ಎನ್ನುತ್ತದೆ, 6.3ರದ್ದು ಒಳಗೇ ಹೋಗದು. 18ರ ಶೆಲ್ಫಿಗೆ ಗಾಡಿ ಹೊಡೆಯುವಾಗಲೂ 18ರ ಬಿಟ್ಟನ್ನು ನೆಚ್ಚಬೇಡಿ. 12 ಅಥವಾ 16ರ ಬಿಟ್ಟಿನಲ್ಲಿ ಎರಡು ಸಲ ಓಡಿಸಿ ನಿಜವಾದ ದಪ್ಪಕ್ಕೆ ಹೊಂದಿಸುವುದು ಸರಿಯಾದ ದಾರಿ. ಆ ಶೀಟಿನದ್ದೇ ಒಂದು ಗೇಣು ತುಂಡಿಗೆ ಬೇಕಾದ ಮೈಕಾವನ್ನೆಲ್ಲ ಅಂಟಿಸಿ ಒಣಗಿಸಿ ಇಟ್ಟುಕೊಂಡರೆ ಗಾಡಿ, ಸಂದು, ಹಿಂಜ್ ಎಲ್ಲವನ್ನೂ ಅದರಲ್ಲೇ ಪರೀಕ್ಷಿಸಬಹುದು. ಕ್ಯಾಲಿಪರ್ ಹಿಡಿಯಲು ಬೇಸರಪಡುವವರಿಗೂ ಈ ತುಂಡು ಸುಳ್ಳು ಹೇಳುವುದಿಲ್ಲ.

ಶಟರಿನ ದಪ್ಪವನ್ನು ತೀರ್ಮಾನಿಸುವುದು ಆಟೋ ಹಿಂಜ್, ಅಂದರೆ ಶಟರಿನ ಒಳಮೈಯಲ್ಲಿ ಹುದುಗುವ ಸ್ಪ್ರಿಂಗ್ ಕೀಲು. ಅದರ ಬಟ್ಟಲು 35 ಮಿ.ಮೀ. ವ್ಯಾಸ, 11.5ರಿಂದ 12.5 ಮಿ.ಮೀ. ಆಳ ಬೇಡುತ್ತದೆ. 12ರ ಶಟರಿನಲ್ಲಿ ಬಟ್ಟಲು ಆ ಬದಿಗೆ ಹೊರಟುಬಿಡುತ್ತದೆ. 18ರಲ್ಲಿ 5–6 ಮಿ.ಮೀ. ಮರ ಉಳಿಯುತ್ತದೆ, ನೆಮ್ಮದಿ. ಹೊರಗೆ 1, ಒಳಗೆ 0.8ರ ಮೈಕಾ ಸೇರಿ ಶಟರು 20ರ ಆಸುಪಾಸಿಗೆ ಬರುತ್ತದೆ; ಬೀಗ, ಹ್ಯಾಂಡಲಿನ ಸ್ಕ್ರೂಗಳನ್ನು ಈ 20ಕ್ಕೆ ನೋಡಿ ತರಬೇಕು. ಅಂದಕ್ಕೆಂದು ಶಟರನ್ನು 25 ಮಾಡಿದರೆ ಹಿಂಜ್, ಬೀಗ, ಸ್ಕ್ರೂ ಮೂರನ್ನೂ ಬದಲಿಸಬೇಕಾದೀತು. ಮೈಕಾವನ್ನು ಒಂದೇ ಕಡೆ ಅಂಟಿಸಿ ಒಳಗೆ ಬರೀ ಪೇಂಟ್ ಹೊಡೆದರೆ ಎಷ್ಟೇ ದಪ್ಪದ ಶಟರೂ ಬಾಗುತ್ತದೆ. ಏಳಡಿ ಎತ್ತರದ ಒಂದೇ ಶಟರಿಗಾದರೆ ಪ್ಲೈಗಿಂತ 19ರ ಬ್ಲಾಕ್ ಬೋರ್ಡ್ ನೆಟ್ಟಗೆ ನಿಲ್ಲುತ್ತದೆ; ಅದರ ಮಾನಕ ಬೇರೆ, ಐಎಸ್ 1659. ಒಳಗಿನ ಮರದ ಪಟ್ಟಿಗಳು ಎತ್ತರದ ದಿಕ್ಕಿಗೆ ಓಡುವಂತೆ ಕತ್ತರಿಸಬೇಕು, ಹಿಂಜ್ ನಾಲ್ಕಕ್ಕೆ ಕಡಿಮೆ ಬೇಡ.

ಸ್ಕ್ರೂ ಬಗ್ಗೆ ಎರಡು ಮಾತು. 18ರ ಹಲಗೆಯನ್ನು ಇನ್ನೊಂದು 18ರ ಅಂಚಿಗೆ ಕೂಡಿಸಲು 50 ಮಿ.ಮೀ. ಉದ್ದದ 8ನೇ ನಂಬರ್ ಸ್ಕ್ರೂ, ಮೊದಲು 3 ಮಿ.ಮೀ. ತೂತು. 12ರ ಅಂಚಿಗೆ ಅದೇ ಸ್ಕ್ರೂ ಹಾಕಿದರೆ ಪದರ ಬಾಯಿಬಿಡುತ್ತದೆ. 6ನೇ ನಂಬರ್ ಹಾಕಿ, ತೂತು ಕೊರೆಯದೆ ಓಡಿಸಬೇಡಿ. 12ನ್ನು 18ರ ಮುಖಕ್ಕೆ ಕೂಡಿಸುವಾಗ 25ರ ಸ್ಕ್ರೂ ಸರಿ. 32ರದ್ದು ಹಾಕಿದರೆ ಮೊನೆ ಆಚೆ ಬದಿಯ ಮೈಕಾ ಸೀಳಿಕೊಂಡು ಹೊರಬರುತ್ತದೆ.

ಉಳಿದವನ್ನು ಚುಟುಕಾಗಿ ಹೇಳಿಬಿಡಬಹುದು. ನೆಲದ ಮೇಲೆ ನಿಲ್ಲುವ ಬಾಕ್ಸಿನ ಹಿಂಬದಿಗೆ 6 ಸಾಕು. 4 ಹಾಕಿದರೆ ಮಳೆಗಾಲದಲ್ಲಿ ಉಬ್ಬಿ ಒಳಕ್ಕೆ ಬರುತ್ತದೆ. ಅಡುಗೆಮನೆಯ ಗೋಡೆಗೆ ತೂಗುಹಾಕುವ ಬಾಕ್ಸಿನ ಮಾತು ಬೇರೆ. ಅದರ ಇಡೀ ಭಾರ ಹಿಂಬದಿಯ ಸ್ಕ್ರೂ ಮೇಲೆ. ಹಿಂಬದಿಗೆ 12 ಹಾಕಿ, ಇಲ್ಲವೇ 6ರ ಹಿಂದೆ ಮೇಲೊಂದು ಕೆಳಗೊಂದು 18ರ ಪಟ್ಟಿಯನ್ನು 75–100 ಮಿ.ಮೀ. ಅಗಲಕ್ಕೆ ಕೊಟ್ಟು ಆ ಪಟ್ಟಿಯ ಮೂಲಕ ಗೋಡೆಗೆ ಬಿಗಿಯಿರಿ. ಮಂಚದ ಹಾಸಿಗೆ ಹಲಗೆಗೆ 400ಕ್ಕೊಂದು ಅಡ್ಡಪಟ್ಟಿ ಇದ್ದರೆ 12, 600ಕ್ಕೊಂದಾದರೆ 18. ಗೋಡೆಯ ಪ್ಯಾನೆಲಿಂಗಿಗೆ 300–400 ಅಂತರದ ಚೌಕಟ್ಟಿನ ಮೇಲೆ 6, ಇನ್ನೂ ಅಗಲಿಸಿದರೆ 9. ಓದುವ ಮೇಜಿಗೆ ಇಡೀ 25ರ ಶೀಟೇ ಬೇಕೆಂದಿಲ್ಲ. 18ರ ಅಡಿಯಲ್ಲಿ ಸುತ್ತಲೂ 18ರದ್ದೇ 60 ಮಿ.ಮೀ. ಪಟ್ಟಿ ಅಂಟಿಸಿದರೆ ಅಂಚು 36 ಕಾಣುತ್ತದೆ, ತುಂಡುಗಳೂ ಬಳಕೆಗೆ ಬರುತ್ತವೆ.

ಸಿಂಕಿನ ಕೆಳಗೆ 18ರ ಬದಲು 25 ಹಾಕಿಸುವವರಿದ್ದಾರೆ. ನೀರಿಗೆ ದಪ್ಪ ಉತ್ತರವಲ್ಲ, ಅಂಟು ಉತ್ತರ. ಪದರಗಳನ್ನು ಹಿಡಿದಿರುವ ಅಂಟು 72 ಗಂಟೆ ಕುದಿಯುವ ನೀರಿನ ಪರೀಕ್ಷೆ ತಾಳಬೇಕೆಂದು ಐಎಸ್ 710 ಹೇಳುತ್ತದೆ. ಆ ಮಾನಕದ 18 ತಂದು, ಕತ್ತರಿಸಿದ ಪ್ರತಿ ಅಂಚನ್ನೂ ಮುಚ್ಚಿ, ಬಾಕ್ಸನ್ನು ನೆಲದಿಂದ 100 ಮಿ.ಮೀ. ಎತ್ತರದ ಪಿವಿಸಿ ಕಾಲುಗಳ ಮೇಲೆ ನಿಲ್ಲಿಸಿ. ಎಂಆರ್ ಗ್ರೇಡಿನ (ತೇವವನ್ನಷ್ಟೇ ತಾಳುವ) 25, ನೆಲ ಒರೆಸುವ ನೀರಿಗೇ ಬುಡದಲ್ಲಿ ಊದುತ್ತದೆ.

ಕೊಟೇಶನ್ ಹೀಗಿರಲಿ ಎಂಬುದು ನಮ್ಮ ಕೋರಿಕೆ: ನಿಲುಹಲಗೆ, ಶೆಲ್ಫು, ಶಟರು, ಹಿಂಬದಿ, ಡ್ರಾಯರಿನ ಗೋಡೆ, ಡ್ರಾಯರಿನ ತಳ – ಒಂದೊಂದಕ್ಕೂ ದಪ್ಪ, ಗ್ರೇಡು, ಐಎಸ್ ಸಂಖ್ಯೆ ಬೇರೆಬೇರೆಯಾಗಿ ಬರೆದಿರಬೇಕು. ಶೆಲ್ಫಿನ ಗರಿಷ್ಠ ಉದ್ದವನ್ನೂ ಬರೆಸಿ. ‘ಅಳೆದ ದಪ್ಪ ಹೇಳಿದ್ದಕ್ಕಿಂತ ಶೇ 5ಕ್ಕೂ ಹೆಚ್ಚು ಕಡಿಮೆ ಬಂದರೆ ಶೀಟು ವಾಪಸ್’ ಎಂಬ ಸಾಲು ಅಂಗಡಿಯ ಬಿಲ್ಲಿನಲ್ಲೂ ಇರಲಿ. ಐಎಸ್ಐ ಗುರುತಿನ ಜತೆ ಶೀಟಿನ ಮೇಲೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ; ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಅದನ್ನು ಹಾಕಿ ಯಾವ ಕಾರ್ಖಾನೆಯದ್ದು, ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಪ್ಲೈವುಡ್ ಅಂಗಡಿಯವರು ಕೌಂಟರಿನ ಮೇಲೆ ಒಂದು ಕ್ಯಾಲಿಪರ್ ಇಟ್ಟರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ. ಇಡದಿದ್ದರೆ ಗ್ರಾಹಕರೇ ಒಯ್ಯಲಿ, ವಾಹನಕ್ಕೆ ಹೇರುವ ಮೊದಲೇ ಅಳೆಯಲಿ. ಒಮ್ಮೆ ಬ್ಲೇಡು ತಾಗಿದ ಶೀಟನ್ನು ಯಾವ ಅಂಗಡಿಯೂ ವಾಪಸ್ ತೆಗೆದುಕೊಳ್ಳುವುದಿಲ್ಲ.

– ಮರಗೆಲಸದ ಗುತ್ತಿಗೆದಾರರು, ತುಮಕೂರು